ಕರಿಕೋಟು ಕೊಟ್ಟರು, ಕುರ್ಚಿ ಕೊಡಲಿಲ್ಲ



ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ಊರಿನಲ್ಲೂ ಕೋರ್ಟಿದೆ. ಕೋರ್ಟಿನ ಸುತ್ತಮುತ್ತ ವಕೀಲರ ಆಫೀಸುಗಳಿವೆ. ಒಂದು ದಿನ ಪುರುಸೊತ್ತು ಮಾಡಿಕೊಂಡು ಆ ಬೀದಿಗಳಲ್ಲಿ ನಡೆಯಿರಿ. ಬೋರ್ಡುಗಳನ್ನು ಓದಿರಿ. ತಂದೆಯ ಹೆಸರಿನ ಕೆಳಗೆ ಮಗನ ಹೆಸರು. ಮಾವನ ಹೆಸರಿನ ಕೆಳಗೆ ಅಳಿಯನ ಹೆಸರು. ನಮ್ಮ ಕೇರಿಗಳಿಂದ ಹೋದವರ ಹೆಸರು ಎಷ್ಟು ಬೋರ್ಡಿನ ಮೇಲಿದೆ, ಎಣಿಸಿ. ನಾವು ಎಣಿಸಿದ ಲೆಕ್ಕ ಇಲ್ಲಿ ಹಾಕುವುದಿಲ್ಲ. ಅದನ್ನು ನೀವೇ ನಿಮ್ಮ ಕಣ್ಣಿಂದ ನೋಡಬೇಕು.

ನಾವು ಬಿ.ಎ. ಮಾಡಿದವರು. ಪದ್ಯ ಬರೆಯುವವರು. ಕಾನೂನು ನಮ್ಮ ಕಸುಬಲ್ಲ. ಸಭೆಯಲ್ಲಿ ಪದ್ಯ ಓದಿ, ಚಪ್ಪಾಳೆ ತಗೊಂಡು, ಹಾಸ್ಟೆಲಿಗೆ ಬಂದು ಮಲಗುತ್ತಿದ್ದವರು. ಅಂಥ ನಾವು ವಕೀಲಿ ತರಬೇತಿಯ ಬಗ್ಗೆ ಯಾಕೆ ಬರೀತಾ ಇದೀವಿ? ಒಬ್ಬ ಹೆಂಗಸಿನ ಮುಂದೆ ಉತ್ತರವಿಲ್ಲದೆ ತಲೆ ತಗ್ಗಿಸಿ ನಿಂತೆವು, ಅದಕ್ಕೆ. ಆ ಮಾತು ಆಮೇಲೆ. ಮೊದಲು ನಮ್ಮ ಗೆಳೆಯನ ಕಥೆ.

ಗೆಳೆಯ ನಮ್ಮ ಹಾಸ್ಟೆಲಿನವನೇ. ಅಪ್ಪ ಚಿರೆಕಲ್ಲು ಕ್ವಾರಿಯಲ್ಲಿ ಕಲ್ಲು ಕಡಿದವನು. ಅವ್ವಿ ಒಡೆಯರ ಗದ್ದೆಯಲ್ಲಿ ನೆಟ್ಟಿ ಮಾಡಿದವಳು. ಇವನು ಬಿ.ಎ. ಮುಗಿಸಿ ಮೂರು ವರ್ಷದ ಎಲ್‌ಎಲ್.ಬಿ. ಸೇರಿದ. ಓದುವಾಗಲೇ ವಕೀಲರ ಹತ್ತಿರ ಇಂಟರ್ನ್‌ಶಿಪ್ ಮಾಡಬೇಕೆಂಬ ನಿಯಮ ಇದೆಯಲ್ಲ, ಅದಕ್ಕೆ ನಮ್ಮ ಕಡೆಯ ಒಂದು ಆಫೀಸಿಗೆ ಹೋದ. ಸೀನಿಯರ್ ಕೇಳಿದ ಮೊದಲ ಪ್ರಶ್ನೆ ಯಾವ ಸಬ್ಜೆಕ್ಟು ಇಷ್ಟ ಅಂತಲ್ಲ.

“ಎಲ್ಲಾಯ್ತು ತಮಾ ನಿಂದು ಊರು? ಅಡ್ಡೆಸರು ಎಂತದು?”

ಈ ಕರಾವಳಿಯಲ್ಲಿ ಅಡ್ಡಹೆಸರು ಹೇಳಿದರೆ ಮುಗೀತು. ಮನೆ, ಕೇರಿ, ಬಾವಿ, ಸ್ಮಶಾನ ಎಲ್ಲ ಹೇಳಿದ ಹಾಗೆ. ಇವನು ಹೇಳಿದ. ಅವರು ಕನ್ನಡಕ ತೆಗೆದು ಒರೆಸಿಕೊಂಡು, “ಅಡ್ಡಿಲ್ಲ, ಬಾ, ನೋಡ್ವ” ಅಂದರು.

ಏನು ನೋಡಿದರು? ಚೀಲ ಹೊರಿಸಿ ನೋಡಿದರು. ಜೆರಾಕ್ಸಿಗೆ ಕಳಿಸಿ ನೋಡಿದರು. ಪೋಸ್ಟಾಫೀಸಿಗೆ, ಪಾರ್ಸಲ್ ತರಲು ಬಸ್‌ಸ್ಟ್ಯಾಂಡಿಗೆ, ಮನೆಯ ಕರೆಂಟು ಬಿಲ್ಲು ಕಟ್ಟುವುದಕ್ಕೆ ಕಳಿಸಿ ನೋಡಿದರು. ಅದೇ ವರ್ಷ ಅದೇ ಪರೀಕ್ಷೆ ಬರೆದ ಸೀನಿಯರ್ ಸಂಬಂಧಿಕರ ಹುಡುಗ ಒಳಗಿನ ಕೋಣೆಯಲ್ಲಿ ಕೂತು ವಾದಪತ್ರ ಓದುತ್ತಿದ್ದ. ಕಕ್ಷಿದಾರರ ಮಾತು ಕೇಳುತ್ತಿದ್ದ. ನಮ್ಮವನು ಹೊರಗಿನ ಬೆಂಚಿನ ಮೇಲೆ. ಆಫೀಸಿನ ಎಲ್ಲರಿಗೂ ಚಾ ಗಾಜಿನ ಲೋಟದಲ್ಲಿ. ಇವನಿಗೆ ಕಾಗದದ ಕಪ್ಪು. “ನಿಂಗೆ ತೊಳೆಯೋ ಕೆಲ್ಸ ಇಲ್ಲ ನೋಡು, ಕುಡಿದು ಬಿಸಾಕು” ಅಂತ ನಗುತ್ತಾ ಹೇಳಿದರಂತೆ. ಹೊಸ ಕಾಲದ ಅಸ್ಪೃಶ್ಯತೆ ಬಯ್ಯುವುದಿಲ್ಲ, ನಗುತ್ತದೆ.

ಕೊನೆಗೆ ಸರ್ಟಿಫಿಕೇಟು ಕೊಟ್ಟರು. ‘ತೃಪ್ತಿಕರವಾಗಿ ತರಬೇತಿ ಪಡೆದಿದ್ದಾನೆ’ ಎಂದು ಸೀಲು, ಸಹಿ. ಪದವಿ ಮುಗೀತು. ಸಾಲ ಮಾಡಿ ಕರಿಕೋಟು ಹೊಲಿಸಿದ. ಬೇರೆ ಆಫೀಸು ಸಿಗದೆ ಅಲ್ಲಿಗೇ ಜೂನಿಯರ್ ಆಗಿ ಹೋದ. ಹನ್ನೊಂದು ತಿಂಗಳು ದುಡಿದ. ಸಂಬಳ ಕೇಳಿದ್ದಕ್ಕೆ, “ಕಲಿಯುವವಂಗೆ ಎಂತಾ ಸಂಬಳ ಮಾರಾಯಾ? ಲೆಕ್ಕಪ್ರಕಾರ ನಾನೇ ಫೀ ಕೇಳಬೇಕಿತ್ತು” ಎಂಬ ಉತ್ತರ. ಕಲಿಸಿದ್ದರೆ ಆ ಮಾತು ಒಪ್ಪಬಹುದಿತ್ತೇನೋ. ಕಲಿಸಿದ್ದೇನು?

ಅದು ಗೊತ್ತಾದದ್ದು ಆ ಹೆಂಗಸು ಬಂದ ದಿನ.

ಮನೆಗೆ ಹೋಗುವ ದಾರಿಯ ತಕರಾರಿನಲ್ಲಿ ಆಕೆಗೆ ಜಾತಿ ಹಿಡಿದು ಬೈದು ಹೊಡೆದಿದ್ದರು. ದೌರ್ಜನ್ಯ ತಡೆ ಕಾಯ್ದೆಯ ಕೆಳಗೆ ಕೇಸಾಗಿತ್ತು. ಕೆಲವು ವಾರದಲ್ಲಿ ಹೊಡೆದವರು ಜಾಮೀನಿನ ಮೇಲೆ ಊರಿಗೆ ಬಂದು, ಅದೇ ದಾರಿಯಲ್ಲಿ ನಿಂತು ಬೀಡಿ ಸೇದುತ್ತಿದ್ದರು. ಆಕೆ ಹರಿದ ಎಫ್.ಐ.ಆರ್. ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಕೋರ್ಟಿನ ಅಂಗಳದಲ್ಲಿ ನಮ್ಮ ಗೆಳೆಯನನ್ನು ಹುಡುಕಿ ಹಿಡಿದಳು. ನಾವೂ ಅಲ್ಲೇ ಇದ್ದೆವು.

“ನೀ ನಮ್ಮ ಹುಡುಗ. ಕರಿಕೋಟು ಹಾಕ್ಕಂಡವ. ಅವ್ರನ್ನ ಬಿಡುವಾಗ ನಂಗೆ ಒಂದ್ಮಾತು ಹೇಳ್ಲಿಲ್ವಲ್ಲಾ ತಮಾ. ಹೇಳ್ಬೇಕು ಅಂತ ಕಾಯ್ದೆ ಇಲ್ವಾ?”

ಗೆಳೆಯ ನಮ್ಮ ಮುಖ ನೋಡಿದ. ನಾವು ನೆಲ ನೋಡಿದೆವು. “ಗೊತ್ತಿಲ್ಲ ಅಕ್ಕಾ, ನೋಡಿ ಹೇಳ್ತೆ” ಅಂದ.

ಆ ರಾತ್ರಿ ಹಾಸ್ಟೆಲಿನಲ್ಲಿ ಕೂತು ಮೊಬೈಲಿನಲ್ಲಿ ಕಾಯ್ದೆ ತೆಗೆದು ಓದಿದೆವು. ಕಾಯ್ದೆ ಇತ್ತು! 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿಯಾಗಿ 15ಎ ಕಲಮು ಸೇರಿದೆ. 2016ರ ಜನವರಿ 26ರಿಂದ ಜಾರಿಯಲ್ಲಿದೆ. ಜಾಮೀನು ವಿಚಾರಣೆಯೂ ಸೇರಿದಂತೆ ಪ್ರತಿಯೊಂದು ನಡವಳಿಯ ಸೂಚನೆ ನೊಂದವರಿಗೆ ಹೋಗಬೇಕು, ಅವರ ಮಾತನ್ನು ಕೋರ್ಟು ಕೇಳಬೇಕು ಅಂತ ಅಲ್ಲಿ ಬರೆದಿದೆ. 2021ರಲ್ಲಿ ಹರಿರಾಮ್ ಭಾಂಭಿ ಕೇಸಿನಲ್ಲಿ ಸುಪ್ರೀಂ ಕೋರ್ಟು ಈ ಸೂಚನೆ ಕಡ್ಡಾಯ ಎಂದು ಹೇಳಿದೆ. ನಮ್ಮ ಗೆಳೆಯ ಈ ಕಾಯ್ದೆಯ ಮೇಲೆ ಪರೀಕ್ಷೆ ಬರೆದು ಪಾಸಾದವನು. ಸಂವಿಧಾನದ 17ನೇ ವಿಧಿಯ ಮೇಲೆ ಆರು ಪುಟ ಪ್ರಬಂಧ ಬರೆದವನು. ಆದರೆ ಹನ್ನೊಂದು ತಿಂಗಳಲ್ಲಿ ಒಂದು ಜಾಮೀನು ಅರ್ಜಿಯನ್ನು ಬಿಡಿಸಿ ಓದು ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಇನ್ನೊಂದು ಮಾತನ್ನು ಅವನು ತಡವಾಗಿ ಹೇಳಿದ, ಹೇಳುವಾಗ ಅತ್ತ. ಆ ಆರೋಪಿಗಳ ಜಾಮೀನು ಅರ್ಜಿ ತಯಾರಾದದ್ದು ಅವನು ಚೀಲ ಹೊರುತ್ತಿದ್ದ ಆಫೀಸಿನಲ್ಲೇ. ಅದರ ಜೆರಾಕ್ಸು ಮಾಡಿಸಿದವನು ಅವನೇ. ಹಾಳೆ ಎಣಿಸಿದ್ದ, ಓದಿರಲಿಲ್ಲ.

ಆರೋಪಿಯ ಪರ ನಿಲ್ಲುವುದು ವಕೀಲರ ಹಕ್ಕು. ಅದನ್ನು ನಾವು ಪ್ರಶ್ನಿಸುವುದಿಲ್ಲ. ನಾವು ಪ್ರಶ್ನಿಸುವುದು ಆ ಹೊರಗಿನ ಬೆಂಚನ್ನು. ನಮ್ಮ ಹುಡುಗನನ್ನು ಹನ್ನೊಂದು ತಿಂಗಳು ಕಾಗದದ ಹತ್ತಿರ ಇಟ್ಟು, ಅಕ್ಷರದಿಂದ ದೂರ ಇಟ್ಟರಲ್ಲ, ಆ ಜಾಣತನವನ್ನು. ಹಿಂದೆ ನಮ್ಮವರ ಕಿವಿಗೆ ಸೀಸ ಕಾಯಿಸಿ ಹೊಯ್ಯಬೇಕೆಂದು ಬರೆದಿಟ್ಟರು. ಈಗ ಸೀಸ ಬೇಡ. ಜೆರಾಕ್ಸ್ ಅಂಗಡಿಗೆ ಕಳಿಸಿದರೆ ಸಾಕು.

ಇದು ಒಬ್ಬ ಸೀನಿಯರ್ ಕೆಟ್ಟವರು ಅನ್ನುವ ಕಥೆ ಅಂತ ತಿಳಿಯಬೇಡಿ. ಹಾಗಿದ್ದರೆ ಅವರನ್ನು ಬಿಟ್ಟು ಇನ್ನೊಬ್ಬರ ಹತ್ತಿರ ಹೋದರೆ ಮುಗೀತಿತ್ತು. ವಕೀಲರನ್ನು ತಯಾರು ಮಾಡುವ ಏರ್ಪಾಡೇ ಹಾಗಿದೆ.

1961ರ ವಕೀಲರ ಕಾಯ್ದೆ ಬಂದಾಗ ಪದವಿ ಮುಗಿದ ಮೇಲೆ ತರಬೇತಿಗೆ ಅದರಲ್ಲಿ ಜಾಗ ಇತ್ತು. 1973ರ ತಿದ್ದುಪಡಿ ಅದನ್ನು ಕಿತ್ತು ಹಾಕಿತು. 1995ರಲ್ಲಿ ಭಾರತೀಯ ವಕೀಲರ ಪರಿಷತ್ತು ನಿಯಮ ಮಾಡಿ ಒಂದು ವರ್ಷದ ತರಬೇತಿಯನ್ನು ಮತ್ತೆ ತಂದಿತು. ಹಾಗೆ ಮಾಡುವ ಅಧಿಕಾರ ಪರಿಷತ್ತಿಗಿಲ್ಲ ಎಂದು ಸುಪ್ರೀಂ ಕೋರ್ಟು 1999ರಲ್ಲಿ ವಿ. ಸುಧೀರ್ ಕೇಸಿನಲ್ಲಿ ಅದನ್ನು ರದ್ದು ಮಾಡಿತು. ಉಳಿದದ್ದೇನು? 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಮೂರು ವರ್ಷದ ಕೋರ್ಸಿನಲ್ಲಿ 12 ವಾರ, ಐದು ವರ್ಷದ ಕೋರ್ಸಿನಲ್ಲಿ 20 ವಾರ ಇಂಟರ್ನ್‌ಶಿಪ್. ಆಮೇಲೆ 2011ರಿಂದ ನಡೆಯುತ್ತಿರುವ ಅಖಿಲ ಭಾರತ ವಕೀಲರ ಪರೀಕ್ಷೆ. ಅದು ಪುಸ್ತಕದ ಪರೀಕ್ಷೆ. ನಿಜವಾದ ಕಸುಬು ಇರುವುದು ಆಫೀಸಿನಲ್ಲಿ. ಆ ಆಫೀಸು ಖಾಸಗಿ ಮನೆ. ಒಳಗೆ ಯಾರನ್ನು ಕರೆಯಬೇಕು, ಯಾರನ್ನು ಜಗಲಿಯಲ್ಲಿ ಕೂರಿಸಬೇಕು, ಎಲ್ಲ ಯಜಮಾನರ ಇಷ್ಟ. ಕಾಲೇಜಿನಲ್ಲಿ ಮೀಸಲಾತಿ ಇದೆ. ಸರ್ಕಾರಿ ನೌಕರಿಯಲ್ಲಿ ಇದೆ. ಕಾಲೇಜಿಗೂ ಕೋರ್ಟಿಗೂ ನಡುವೆ ಇರುವ ಈ ಜಗಲಿಯಲ್ಲಿ ಸಂವಿಧಾನ ಚಪ್ಪಲಿ ಬಿಟ್ಟು ಹೊರಗೆ ನಿಲ್ಲುತ್ತದೆ.

ದೊಡ್ಡ ಊರಿನ ಕಥೆಯೂ ಇದೇ. ಮುಂಬಯಿ, ಬೆಂಗಳೂರಿನ ದೊಡ್ಡ ಕಾನೂನು ಕಂಪನಿಗಳು ರಾಷ್ಟ್ರೀಯ ಕಾನೂನು ಶಾಲೆಗಳಿಂದ ಹುಡುಗರನ್ನು ಆರಿಸುತ್ತವೆ. ಆ ಶಾಲೆಗಳಿಗೆ 2008ರಿಂದ ಕ್ಲಾಟ್ ಎಂಬ ಪರೀಕ್ಷೆ, ಅದೂ ಇಂಗ್ಲಿಷಿನಲ್ಲಿ. ಲಕ್ಷ ಕೊಟ್ಟು ಕೋಚಿಂಗ್ ಮಾಡಿದವರ ಮಕ್ಕಳ ಜೊತೆ ಕನ್ನಡ ಶಾಲೆಯ ನಾವು ಓಡಬೇಕು. ಅಲ್ಲಿ ಇಂಗ್ಲಿಷಿನ ಬೇಲಿ, ಇಲ್ಲಿ ಅಡ್ಡಹೆಸರಿನ ಬೇಲಿ.

ಈಗ ಬಾಬಾಸಾಹೇಬರ ಕಡೆ ನೋಡೋಣ. ಅವರ ಫೋಟೋಕ್ಕೆ ಹಾರ ಹಾಕುವಾಗ ಅವರ ಕರಿಕೋಟಿನ ಕಷ್ಟವನ್ನು ನಾವು ಮರೆತುಬಿಡುತ್ತೇವೆ. 1922ರಲ್ಲಿ ಲಂಡನ್ನಿನ ಗ್ರೇಸ್ ಇನ್‌ನಿಂದ ಬ್ಯಾರಿಸ್ಟರ್ ಆದವರು. 1923ರಲ್ಲಿ ಬೊಂಬಾಯಿಯಲ್ಲಿ ವಕೀಲಿಗೆ ನಿಲ್ಲಲು ಸನ್ನದಿಗೆ ದುಡ್ಡಿಲ್ಲ. ಗೆಳೆಯ ನವಲ್ ಭಥೇನಾ ನೆರವಾದರು. ಆಗಿನ ಪದ್ಧತಿಯಲ್ಲಿ ದೊಡ್ಡ ಕೇಸುಗಳು ಸಾಲಿಸಿಟರುಗಳ ಕೈಯಿಂದ ಬರಬೇಕು. ಅಸ್ಪೃಶ್ಯ ಬ್ಯಾರಿಸ್ಟರನಿಗೆ ಅವರು ಕೇಸು ಕೊಡಲಿಲ್ಲ. ಎರಡೆರಡು ಡಾಕ್ಟರೇಟು ಇದ್ದ ಮನುಷ್ಯ ಮನೆ ನಡೆಸಲು ಬಾಟ್ಲಿಬಾಯ್ ಸಂಸ್ಥೆಯಲ್ಲಿ ವಾಣಿಜ್ಯ ಕಾನೂನಿನ ಪಾಠ ಹೇಳಿದರು. ಅವರಿಗೇ ಹೀಗಾದರೆ ನಮ್ಮ ಹೊನ್ನಾವರದ ಹುಡುಗನ ಗತಿ ಏನು?

ನೆನಪಿಡಿ, ನಮ್ಮ ಜಿಲ್ಲೆ ಆಗ ಬೊಂಬಾಯಿ ಪ್ರಾಂತದಲ್ಲಿತ್ತು. 1862ರಿಂದ 1956ರ ತನಕ ನಮ್ಮ ಅಪೀಲುಗಳು ಹೋಗುತ್ತಿದ್ದದ್ದು ಅದೇ ಬೊಂಬಾಯಿಗೆ. ಬಾಬಾಸಾಹೇಬರು ಕೇಸಿಲ್ಲದೆ ಕಾದು ಕೂತ ಆ ಹೈಕೋರ್ಟು ನಮ್ಮದೂ ಆಗಿತ್ತು.

ಅವರು ಅತ್ತು ಕೂರಲಿಲ್ಲ. ಬಡವರ ಸಣ್ಣ ಕೇಸು ಹಿಡಿದರು. 1926ರಲ್ಲಿ ಪುಣೆಯಲ್ಲಿ ಬ್ರಾಹ್ಮಣೇತರ ಚಳವಳಿಯ ಜೇಧೆ, ಜವಳಕರರ ಪರ ನಿಂತು ಗೆದ್ದರು. 1927ರ ಮಹಾಡಿನ ಚವದಾರ್ ಕೆರೆಯ ನೀರನ್ನು ನಾವೆಲ್ಲ ಹಾಡುತ್ತೇವೆ. ಆದರೆ ಆ ನೀರಿನ ಮೇಲೆ ಸವರ್ಣೀಯರು ಹಾಕಿದ ದಾವೆ ಹತ್ತು ವರ್ಷ ನಡೆದು 1937ರಲ್ಲಿ ಬೊಂಬಾಯಿ ಹೈಕೋರ್ಟಿನಲ್ಲಿ ನಮ್ಮ ಕಡೆ ತೀರ್ಪಾಯಿತು ಅನ್ನುವುದನ್ನು ಎಷ್ಟು ಜನ ಓದಿದ್ದೇವೆ? ಬೊಗಸೆ ನೀರು ಒಂದು ದಿನದ ಕೆಲಸ. ದಾಖಲೆ ಸೇರಿಸಿ, ಸಾಕ್ಷಿ ನಿಲ್ಲಿಸಿ, ತಾರೀಖಿಗೆ ತಾರೀಖು ಹೋಗಿ ಆ ನೀರನ್ನು ಉಳಿಸಿಕೊಂಡದ್ದು ಹತ್ತು ವರ್ಷದ ಕೆಲಸ. ಅದೇ ಕಾಲದಲ್ಲಿ ಅವರು ಪ್ರಯತ್ನಪಟ್ಟು ಪನ್ವೇಲ್, ಠಾಣೆ, ನಾಸಿಕ, ಪುಣೆ, ಧಾರವಾಡಗಳಲ್ಲಿ ನಮ್ಮ ಮಕ್ಕಳಿಗೆ ಹಾಸ್ಟೆಲು ಆಗುವಂತೆ ಮಾಡಿದರು. ಕೋರ್ಟಿನಲ್ಲಿ ಹೋರಾಡಿದ ಮನುಷ್ಯನಿಗೆ ಹಾಸ್ಟೆಲು ಯಾಕೆ ಬೇಕು ಅನ್ನುವುದು ಗೊತ್ತಿತ್ತು. ಹಾಸ್ಟೆಲಿನ ನಮಗೆ ಕೋರ್ಟು ಯಾಕೆ ಬೇಕು ಅನ್ನುವುದು ಗೊತ್ತಿದೆಯಾ?

ಗೊತ್ತಿಲ್ಲದವರು ನಮ್ಮ ಮೂರು ತಾಲ್ಲೂಕು ಸುತ್ತಿ ಬನ್ನಿ.

ಭಟ್ಕಳ ಮತ್ತು ಕುಮಟಾದಲ್ಲಿ ಉಪವಿಭಾಗಾಧಿಕಾರಿ ಕಛೇರಿಗಳಿವೆ, ಅದೇ ನಾವು ಎ.ಸಿ. ಆಫೀಸು ಅನ್ನುವುದು. 1978ರ ಪಿ.ಟಿ.ಸಿ.ಎಲ್. ಕಾಯ್ದೆಯ ಕೆಳಗೆ, ನಮ್ಮವರಿಗೆ ಮಂಜೂರಾಗಿ ಪರರ ಪಾಲಾದ ಜಮೀನು ವಾಪಸು ಕೊಡಿಸುವ ಅರ್ಜಿ ಅಲ್ಲೇ ನಡೆಯಬೇಕು. 2017ರಲ್ಲಿ ಸುಪ್ರೀಂ ಕೋರ್ಟು ಬಹಳ ತಡವಾಗಿ ಬಂದ ಅರ್ಜಿ ನಿಲ್ಲುವುದಿಲ್ಲ ಎಂದ ಮೇಲೆ ರಾಜ್ಯದ ಎಷ್ಟೋ ಬಡವರ ಕೈಯಿಂದ ಜಮೀನು ಜಾರಿತು. ಹೋರಾಟವಾಗಿ 2023ರಲ್ಲಿ ಕಾಲಮಿತಿಯ ಅಡ್ಡಿ ತೆಗೆಯುವ ತಿದ್ದುಪಡಿ ಬಂತು. ಆ ತಿದ್ದುಪಡಿಯನ್ನು ಕೈಯಲ್ಲಿ ಹಿಡಿದು ಎ.ಸಿ. ಮುಂದೆ ನಿಲ್ಲುವವರು ಯಾರು? 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿಗಳೂ ಅದೇ ಉಪವಿಭಾಗದ ಸಮಿತಿಯ ಮುಂದೆ. ಬುಡಕಟ್ಟು ಪಟ್ಟಿಯಲ್ಲಿ ಇಲ್ಲದವರು 2005ರ ಡಿಸೆಂಬರ್ 13ಕ್ಕೆ ಮೊದಲು 75 ವರ್ಷ ಕಾಡನ್ನು ನಂಬಿ ಬದುಕಿದ್ದಕ್ಕೆ ಸಾಕ್ಷ್ಯ ಕೊಡಬೇಕು. ನಮ್ಮ ಅಜ್ಜಿ ಯಾವ ಕಾಗದ ಇಟ್ಟಿದ್ದಳು? ಅವಳ ಹೆಬ್ಬೆಟ್ಟಿನ ಮಾತನ್ನು ಹಿರಿಯರ ಹೇಳಿಕೆಯಾಗಿ ದಾಖಲು ಮಾಡಲು ನಿಯಮದಲ್ಲಿ ದಾರಿ ಇದೆ. ಆ ದಾರಿ ಗೊತ್ತಿರುವವರು ಯಾರು?

ಭೂಸುಧಾರಣೆ ಕಾಲದಲ್ಲಿ ಭೂ ನ್ಯಾಯಮಂಡಳಿಯ ಒಳಗೆ ವಕೀಲರು ಬರಬಾರದು ಅಂತಲೇ ನಮ್ಮ ರಾಜ್ಯದ ಕಾಯ್ದೆಯಲ್ಲಿ ಇತ್ತು. ಗೇಣಿದಾರ ತಾನೇ ಮಾತಾಡಲಿ, ವಕೀಲರ ಕಾಟ ಬೇಡ ಎಂಬ ಒಳ್ಳೆಯ ಆಸೆ. 1987ರಲ್ಲಿ ಸುಪ್ರೀಂ ಕೋರ್ಟು ಅದನ್ನು ಹೊಡೆದು ಹಾಕಿತು. ಅಂದರೆ ವಕೀಲರಿಲ್ಲದ ನ್ಯಾಯ ನಮಗೆ ಸಿಗುವುದಿಲ್ಲ. ಉಳಿದ ದಾರಿ ಒಂದೇ, ವಕೀಲರು ನಾವೇ ಆಗುವುದು.

ಇನ್ನು 2017ರ ಡಿಸೆಂಬರ್ ನೆನಪು ಮಾಡಿಕೊಳ್ಳಿ. ಹೊನ್ನಾವರದಲ್ಲಿ ಒಬ್ಬ ಯುವಕನ ಸಾವಾಯಿತು. ಹೊನ್ನಾವರ, ಕುಮಟಾ, ಶಿರಸಿಗಳಲ್ಲಿ ಬೆಂಕಿ ಬಿತ್ತು. 2022ರಲ್ಲಿ ಸಿ.ಬಿ.ಐ. ಅದು ಕೊಲೆಯಲ್ಲ ಎಂದು ವರದಿ ಕೊಟ್ಟಿತು. ಅಷ್ಟರಲ್ಲಿ ಕೇಸುಗಳು ಬಿದ್ದಾಗಿತ್ತು. ಭಾಷಣ ಮಾಡಿದವರು ಆರಾಮಾಗಿದ್ದರು. ಬಡ ಜಾತಿಗಳ ಹುಡುಗರು ಕೆಲಸ ಬಿಟ್ಟು ಕೋರ್ಟಿಗೆ ಅಲೆದರು. ಕಲ್ಲು ಹಿಡಿಯುವ ಮೊದಲು “ಬೇಡ ತಮಾ, ಇದರ ಕಲಮು ಇದು, ಶಿಕ್ಷೆ ಇಷ್ಟು” ಎಂದು ಹೇಳುವ ಒಬ್ಬ ಅಣ್ಣನೋ ಅಕ್ಕನೋ ಕೇರಿಯಲ್ಲಿ ಇದ್ದಿದ್ದರೆ! ನಮ್ಮ ಹುಡುಗರನ್ನು ಬೇರೆಯವರ ಜಗಳಕ್ಕೆ ಕಾಲಾಳು ಮಾಡುವವರಿಗೆ, ನಮ್ಮಲ್ಲಿ ಕಾನೂನು ಗೊತ್ತಿರುವವರು ಹುಟ್ಟುವುದು ಬೇಕಾಗಿಲ್ಲ.

ನಾವು ಹೀಗೆ ಮಾತಾಡಿದರೆ ಅವರ ಕಡೆಯಿಂದ ಮೂರು ಉತ್ತರ ಬರುತ್ತವೆ. ಒಂದೊಂದಾಗಿ ನೋಡೋಣ.

ಮೊದಲನೆಯದು: “ವಕೀಲಿಕೆ ಸ್ವತಂತ್ರ ವೃತ್ತಿ. ಆಫೀಸು ನಮ್ಮದು. ಯಾರನ್ನು ಸೇರಿಸಿಕೊಳ್ಳಬೇಕೆಂಬುದು ನಮ್ಮ ಇಷ್ಟ.” ಸ್ವತಂತ್ರವೇ? ಸನ್ನದು ಇಲ್ಲದವರು ಕೋರ್ಟಿನಲ್ಲಿ ವಕೀಲಿ ಮಾಡಬಾರದು ಎಂದು ವಕೀಲರ ಕಾಯ್ದೆ ನಿಮಗೆ ಬೇಲಿ ಕಟ್ಟಿ ಕೊಟ್ಟಿದೆ. ಆ ಬೇಲಿ ಕಟ್ಟಿದ್ದು ಈ ದೇಶದ ಜನ. ಅದರೊಳಗೆ ನಮ್ಮವ್ವಿಯರೂ ಸೇರಿದ್ದಾರೆ. ಜನ ಕೊಟ್ಟ ಏಕಸ್ವಾಮ್ಯ ಅನುಭವಿಸುವವರಿಗೆ ಜನರ ಮಕ್ಕಳಿಗೆ ಕಲಿಸುವ ಹೊಣೆಯೂ ಇದೆ.

ಎರಡನೆಯದು: “ನಾವೂ ಹೀಗೇ ಕಷ್ಟಪಟ್ಟು ಕಲಿತೆವು. ಮೂರು ವರ್ಷ ಒಂದು ಕಾಸು ನೋಡಲಿಲ್ಲ.” ಸ್ವಾಮಿ, ನೀವು ಕಾಸು ನೋಡದ ಆ ಮೂರು ವರ್ಷ ನಿಮಗೆ ಅನ್ನ ಹಾಕಿದ್ದು ಯಾರು? ಅಡಿಕೆ ತೋಟ ಹಾಕಿತು. ಪೇಟೆಯ ಅಂಗಡಿ ಹಾಕಿತು. ಆ ತೋಟಕ್ಕೆ ಮಣ್ಣು ಹೊತ್ತವರ ಮಗ ಈಗ ನಿಮ್ಮ ಹೊರಗಿನ ಬೆಂಚಿನ ಮೇಲೆ ಕೂತಿದ್ದಾನೆ. ಅವನಿಗೆ ತೋಟ ಇಲ್ಲ, ಬಸ್ ಚಾರ್ಜಿಗೆ ಕೂಲಿಗೆ ಹೋಗಬೇಕು. ಸಂಬಳವಿಲ್ಲದ ತರಬೇತಿ ಅಂದರೆ ಬಡವರು ಬರಕೂಡದು ಎಂದು ಬೋರ್ಡು ಹಾಕಿದ ಹಾಗೆ.

ಮೂರನೆಯದು: “ಮೆರಿಟ್ ಇದ್ದವರು ಮೇಲೆ ಬರುತ್ತಾರೆ. ನಿಮ್ಮವರೂ ಬಂದಿಲ್ಲವೇ?” ಬಂದಿದ್ದಾರೆ. ಕೆ.ಜಿ. ಬಾಲಕೃಷ್ಣನ್ 2007ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು. ಬಿ.ಆರ್. ಗವಾಯಿ 2025ರಲ್ಲಿ ಆದರು. 1950ರಿಂದ ಇಷ್ಟೂ ವರ್ಷಕ್ಕೆ ಎರಡು ಹೆಸರು! ನಮ್ಮ ಕರ್ನಾಟಕದಲ್ಲಿ 1973ರಲ್ಲಿ ‘ಬೂಸಾ’ ಎಂಬ ಒಂದು ಮಾತಿಗೆ ಮಂತ್ರಿ ಪದವಿ ಬಿಡಬೇಕಾದ ಬಸವಲಿಂಗಪ್ಪನವರೂ ಕರಿಕೋಟಿನಿಂದ ಬಂದವರೇ. ಇಂಥವರ ಹೆಸರು ಹೇಳಿ ಬಾಗಿಲು ತೆರೆದಿದೆ ಅನ್ನುವವರು, ಬಾಗಿಲ ಸಂದಿಯಲ್ಲಿ ನುಸುಳಿ ಬಂದವರ ಮೈಗಾಯ ನೋಡುವುದಿಲ್ಲ.

ನಮ್ಮ ಹುಡುಗರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ ಸೀನಿಯರುಗಳು ಇಲ್ಲವೇ? ಇದ್ದಾರೆ. ಎಲ್ಲ ಜಾತಿಯಲ್ಲೂ ಇದ್ದಾರೆ. ಅವರಿಗೆ ಕೈ ಮುಗಿಯುತ್ತೇವೆ. ಆದರೆ ಒಬ್ಬರ ಒಳ್ಳೆಯತನದ ಮೇಲೆ ಒಂದು ಸಮುದಾಯದ ಬದುಕು ನಿಲ್ಲಬಾರದು. ದಯೆ ಇವತ್ತು ಇರುತ್ತದೆ, ನಾಳೆ ಇರದೆ ಹೋಗಬಹುದು. ನಾವು ಕೇಳುವುದು ಹಕ್ಕನ್ನು.

ಹಕ್ಕಿನ ಮಾತು ಬಂತು. ಕೆಲವು ಬಾಗಿಲು ಬಡಿದ ಮೇಲೆ ತೆರೆದಿವೆ. ಅದು ನಿಮಗೆ ಗೊತ್ತಿರಬೇಕು.

ಸನ್ನದು ಪಡೆಯಲು ಒಡಿಶಾದಲ್ಲಿ 42,100 ರೂಪಾಯಿ ತನಕ ವಸೂಲಿ ನಡೆದಿತ್ತು. ಬೇರೆ ರಾಜ್ಯಗಳಲ್ಲೂ ಕಾಯ್ದೆ ಮೀರಿದ ವಸೂಲಿ ಇತ್ತು. 2024ರ ಜುಲೈ 30ರಂದು ಗೌರವ್ ಕುಮಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಕಡಿವಾಣ ಹಾಕಿತು. ಕಾಯ್ದೆಯಲ್ಲಿ ಬರೆದಷ್ಟೇ ತಗೊಳ್ಳಬೇಕು: ಸಾಮಾನ್ಯರಿಗೆ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ. ಯಾರಾದರೂ ಹೆಚ್ಚು ಕೇಳಿದರೆ ಆ ತೀರ್ಪಿನ ಹೆಸರು ಹೇಳಿ, ರಶೀದಿ ಕೇಳಿ.

2024ರ ಅಕ್ಟೋಬರಿನಲ್ಲಿ ವಕೀಲರ ಪರಿಷತ್ತು ಒಂದು ಸುತ್ತೋಲೆ ಹೊರಡಿಸಿತು. ಜೂನಿಯರುಗಳಿಗೆ ಪಟ್ಟಣದಲ್ಲಿ ತಿಂಗಳಿಗೆ 20,000, ಗ್ರಾಮೀಣ ಪ್ರದೇಶದಲ್ಲಿ 15,000 ರೂಪಾಯಿ ಕೊಡಬೇಕೆಂದು ಅದು ಶಿಫಾರಸು ಮಾಡಿದೆ. ಶಿಫಾರಸು ಅಷ್ಟೇ, ಕಡ್ಡಾಯ ಅಲ್ಲ. ಹಾವಿಗೆ ಹಲ್ಲಿಲ್ಲ. ಆದರೂ ಆ ಕಾಗದ ಕೈಯಲ್ಲಿರಲಿ. ನಮ್ಮ ಸಮಾಜ ಕಲ್ಯಾಣ ಇಲಾಖೆಯಲ್ಲಿ ಕಾನೂನು ಪದವೀಧರರಿಗೆ ‘ನ್ಯಾಯಾಡಳಿತ ತರಬೇತಿ’ ಎಂಬ ಯೋಜನೆ ಇದೆ, ಶಿಷ್ಯವೇತನ ಸಮೇತ. ಅರ್ಜಿ ಕರೆದದ್ದು ನೋಟೀಸು ಬೋರ್ಡಿನಲ್ಲೇ ಹಳದಿಯಾಗುತ್ತದೆ, ನಮ್ಮ ಹಾಸ್ಟೆಲಿಗೆ ಮುಟ್ಟುವುದಿಲ್ಲ. ಕಾಯಬೇಡಿ, ಹೋಗಿ ಕೇಳಿ.

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ಸಂಜೆ ಆರರ ಮೇಲೆ ಸೀನಿಯರ್ ಆಫೀಸಿನಲ್ಲಿ ಕೂರಬೇಕು, ಕೊನೆಯ ಬಸ್ಸು ಹೋಗುತ್ತದೆ. ಒಬ್ಬಳೇ ಇದ್ದಾಗ ಅಸಹ್ಯದ ಮಾತು ಬಂದರೆ ನುಂಗಿಕೊಳ್ಳಬೇಕೆಂದು ಯಾರೂ ಹೇಳಿಲ್ಲ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ವಕೀಲರ ಆಫೀಸಿಗೂ ಅನ್ವಯಿಸುತ್ತದೆ. ಅದು ಸಂಬಳವಿಲ್ಲದ ತರಬೇತಿಯವರನ್ನೂ ಸೇರಿಸಿಕೊಂಡಿದೆ. ಹತ್ತು ಜನಕ್ಕಿಂತ ಕಡಿಮೆ ಇರುವ ಆಫೀಸಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.

ಹಾಗಾದರೆ ತರಬೇತಿ ಅಂದರೆ ಏನು? ಚೀಲ ಹೊರುವುದು, ನಕಲು ತರುವುದು ಕೀಳು ಕೆಲಸ ಅಂತ ನಾವು ಹೇಳುವುದಿಲ್ಲ. ಕೂಲಿಯ ಮಕ್ಕಳಾದ ನಮಗೆ ಯಾವ ಕೆಲಸವೂ ಕೀಳಲ್ಲ. ಪ್ರಮಾಣಿತ ನಕಲು ಎಲ್ಲಿ ಸಿಗುತ್ತದೆ, ಶಿರಸ್ತೇದಾರರು ಯಾವ ತಪ್ಪಿಗೆ ಕಾಗದ ವಾಪಸು ಮಾಡುತ್ತಾರೆ, ಇದನ್ನು ಹಳೆಯ ಗುಮಾಸ್ತರಿಂದಲೇ ಕಲಿಯಬೇಕು. ಆದರೆ ಅದರ ಜೊತೆಗೆ ಕಡತ ಓದಲು ಕೊಡಬೇಕು. ಕಕ್ಷಿದಾರರು ಮಾತಾಡುವಾಗ ಒಳಗೆ ಕೂರಿಸಬೇಕು. ಒಂದು ನೋಟೀಸು ಬರೆಸಿ, ತಪ್ಪನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಯಾಕೆ ತಪ್ಪು ಅಂತ ಹೇಳಬೇಕು. ಪಾಟೀಸವಾಲು ಆದ ದಿನ ಸಂಜೆ ಕೂತು, ಆ ಪ್ರಶ್ನೆ ಯಾಕೆ ಕೇಳಿದೆ, ಈ ಪ್ರಶ್ನೆ ಯಾಕೆ ಬಿಟ್ಟೆ ಅಂತ ಬಿಡಿಸಿ ಹೇಳಬೇಕು. ಒಂದು ತಾರೀಖಿಗಾದರೂ ಎದ್ದು ನಿಂತು ಮಾತಾಡಲು ಬಿಡಬೇಕು. ಇದು ನಡೆದರೆ ತರಬೇತಿ. ಇಲ್ಲದಿದ್ದರೆ ಅದಕ್ಕೆ ಬಿಟ್ಟಿ ಚಾಕರಿ ಅಂತ ಹೆಸರು, ನಮ್ಮ ಅಜ್ಜಂದಿರಿಗೆ ಚೆನ್ನಾಗಿ ಗೊತ್ತಿದ್ದ ಹೆಸರು.

ನಮ್ಮ ಒತ್ತಾಯಗಳು ಇವು:

1. ಹತ್ತು ವರ್ಷಕ್ಕೂ ಮಿಕ್ಕಿ ಅನುಭವವಿದ್ದು ವಿದ್ಯಾರ್ಥಿಗಳಿಗೆ ಕಲಿಸಲು ಒಪ್ಪಿದ ವಕೀಲರ ಪಟ್ಟಿಗೆ 2008ರ ನಿಯಮಗಳಲ್ಲೇ ಅವಕಾಶವಿದೆ. ಆ ಪಟ್ಟಿಯನ್ನು ತಾಲ್ಲೂಕುವಾರು ಮಾಡಿ ಕಾಲೇಜಿನಲ್ಲೂ ಹಾಸ್ಟೆಲಿನಲ್ಲೂ ಅಂಟಿಸಬೇಕು. ಅಡ್ಡಹೆಸರು ಕೇಳಿ ಆರಿಸುವುದು ನಿಲ್ಲಬೇಕು.

2. ಜೂನಿಯರ್ ವೇತನದ ಶಿಫಾರಸು ಕಡ್ಡಾಯವಾಗಬೇಕು. ಸಣ್ಣ ಆಫೀಸಿನ ಸೀನಿಯರಿಗೆ ಅಷ್ಟು ಕೊಡಲು ಕಷ್ಟವಾದರೆ ಸರ್ಕಾರ ಮತ್ತು ಪರಿಷತ್ತು ಭರಿಸಬೇಕು.

3. ತಾಲ್ಲೂಕು ಕಾನೂನು ಸೇವಾ ಸಮಿತಿಗಳ ಕೆಲಸದಲ್ಲಿ ನಮ್ಮ ಕಾನೂನು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಬೇಕು.

4. ದೌರ್ಜನ್ಯ ಪ್ರಕರಣಗಳ ವಿಶೇಷ ಸರ್ಕಾರಿ ಅಭಿಯೋಜಕರ ಕೈಕೆಳಗೆ ನಮ್ಮ ಪದವೀಧರರಿಗೆ ತರಬೇತಿಯ ಜಾಗ ಕೊಡಬೇಕು. ನೊಂದವರ ಭಾಷೆ ಗೊತ್ತಿರುವವರು ಆ ಕಡತ ಓದಬೇಕು.

ಇಷ್ಟು ಅವರಿಂದ ಕೇಳುವುದಾಯಿತು. ನಮ್ಮಿಂದ ಕೇಳುವುದು ಇನ್ನೂ ಕಷ್ಟದ್ದು.

ನಮ್ಮಲ್ಲೇ ನಾಲ್ಕು ಕೇಸು ಹಿಡಿದು ಬೈಕಿನಿಂದ ಕಾರಿಗೆ ಬಂದ ಕೂಡಲೇ ಕೇರಿಯ ದಾರಿ ಮರೆಯುವವರಿದ್ದಾರೆ. ಹೊಸ ಹುಡುಗ ಬಂದರೆ ಅವರ ಆಫೀಸಿನಲ್ಲೂ ಹೊರಗಿನ ಬೆಂಚು! ಬ್ರಾಹ್ಮಣ್ಯ ಅಂದರೆ ಜಾತಿಯ ಹೆಸರಷ್ಟೇ ಅಲ್ಲ ಗೆಳೆಯರೇ, ವಿದ್ಯೆಯನ್ನು ಮುಚ್ಚಿಟ್ಟುಕೊಳ್ಳುವ ಚಟ ಅದು. ಅದು ನಮ್ಮ ಮೈಗೂ ಅಂಟುತ್ತದೆ. ಕಲಿತವನು ಇಬ್ಬರಿಗೆ ಕಲಿಸಲಿ. ನಮ್ಮದೊಂದು ಆಫೀಸು ಆಗುವ ದಿನ ಅದರಲ್ಲಿ ಹೊರಗಿನ ಬೆಂಚು ಇರಕೂಡದು.

ಅಲ್ಲಿಯ ತನಕ ಹಾಸ್ಟೆಲಿನ ಕೋಣೆಯೇ ನಮ್ಮ ಆಫೀಸು. ಆ ಹೆಂಗಸು ಬಂದು ಹೋದ ಮೇಲೆ ನಾವು ಭಾನುವಾರ ಕೂರುತ್ತಿದ್ದೇವೆ. ಗೆಳೆಯ ಆ ಆಫೀಸು ಬಿಟ್ಟ. ಅಲ್ಲಿ ನೋಡಿದ ಕಾಗದದ ಬಗ್ಗೆ ಅವನೂ ಬಾಯಿ ಬಿಡುವುದಿಲ್ಲ, ನಾವೂ ಕೇಳುವುದಿಲ್ಲ. ಅದು ಕಸುಬಿನ ಮರ್ಯಾದೆ. ನಾವು ಓದುವುದು ಅಚ್ಚಾದ ಕಾಯ್ದೆ, ಮೊಬೈಲಿನಲ್ಲಿ ಸಿಗುವ ತೀರ್ಪು. ಒಂದು ಭಾನುವಾರ ಎಫ್.ಐ.ಆರ್.: 2024ರ ಜುಲೈ 1ರಿಂದ ಹಳೆಯ 154 ಹೋಗಿ ನಾಗರಿಕ ಸುರಕ್ಷಾ ಸಂಹಿತೆಯ 173 ಬಂದಿದೆ, ದೂರು ಕೊಟ್ಟವರಿಗೆ ಪ್ರತಿ ಪುಕ್ಕಟೆ ಸಿಗಬೇಕು. ಇನ್ನೊಂದು ಭಾನುವಾರ ದೌರ್ಜನ್ಯ ತಡೆ ನಿಯಮಗಳು: ತನಿಖೆ ಮಾಡಬೇಕಾದವರು ಡಿ.ವೈ.ಎಸ್.ಪಿ. ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿ, ದೋಷಾರೋಪ ಪಟ್ಟಿಗೆ 60 ದಿನ, ಪರಿಹಾರದ ಮೊದಲ ಕಂತು ಯಾವಾಗ. ಮತ್ತೊಂದು ಭಾನುವಾರ 1987ರ ಕಾನೂನು ಸೇವಾ ಕಾಯ್ದೆಯ 12ನೇ ಕಲಮು: ಪರಿಶಿಷ್ಟರಿಗೂ ಹೆಂಗಸರಿಗೂ ಆದಾಯದ ಲೆಕ್ಕವಿಲ್ಲದೆ ಪುಕ್ಕಟೆ ವಕೀಲರು, 15100 ಎಂಬ ಫೋನ್ ನಂಬರು. ಬಿ.ಎ. ಓದಿದ ನಮಗೂ ಇದು ಅರ್ಥವಾಗುತ್ತದೆ. ನಿಮಗೂ ಆಗುತ್ತದೆ. ಕಾನೂನಿನ ಭಾಷೆ ಕಷ್ಟ ಅಂತ ನಮ್ಮನ್ನು ಹೆದರಿಸಿದವರಿಗೆ ಅದರಿಂದ ಹೊಟ್ಟೆ ತುಂಬುತ್ತಿತ್ತು.

ಆ ಹೆಂಗಸಿಗೆ ಉತ್ತರ ಹೇಳಲು ನಾವು ಮುಂದಿನ ವಾರ ಅವಳ ಮನೆಗೆ ಹೋದೆವು. ಬಾಗಿಲಿಗೆ ಬೀಗ. ಗಂಡ ಮಕ್ಕಳ ಜೊತೆ ಕೂಲಿಗೆ ಘಟ್ಟದ ಮೇಲೆ ಹೋದಳು ಅಂದರು. ಕಾಯ್ದೆ ಓದಿ ಮುಗಿಸುವಷ್ಟರಲ್ಲಿ ನಾವು ತಡಮಾಡಿದ್ದೆವು. ಅವಳು ಸಾಕ್ಷಿ ಹೇಳಲು ಮರಳಿ ಬರುವ ದಿನ ಬರುತ್ತದೆ. ಆ ದಿನ ಕೋರ್ಟಿನ ಅಂಗಳದಲ್ಲಿ ಅವಳು ಮತ್ತೆ “ಕಾಯ್ದೆ ಇಲ್ವಾ ತಮಾ?” ಅಂತ ಕೇಳಿದಾಗ, “ಇದೆ ಅಕ್ಕಾ, ನಾ ಓದಿದ್ದೆ, ಬಾ” ಅನ್ನುವವರು ನಿಮ್ಮಲ್ಲಿ ಯಾರು?

ಹೆಸರು ಕೊಡಿ. ಭಾನುವಾರ ಬನ್ನಿ. ಪೆನ್ನು ತನ್ನಿ.

ಜೈ ಭೀಮ್!